ಹತ್ತು ಸೆಕೆಂಡು ಕಾಯುವ ಪಟ್ಟಿ

ಲಾಪೊವೊ
2 ಸೆಪ್ಟೆಂಬರ್ 2023
ಸಂದೇಶ ಸಂಖ್ಯೆ 1

ಯಾಸ್ನಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎಂದು ಬರೆಯುತ್ತೀಯ, ಅದನ್ನು ಓದಿದರೆ ನನಗೆ ಸಿಟ್ಟು ಬರುತ್ತದೆ. ಈ ಪತ್ರ ಕಂಪ್ಯೂಟರಿಗೆ ಸಂಬಂಧಿಸಿದ್ದು ಮಾತ್ರ.

ಸನ್ಯಾಸಿನಿಯರ ಮಠ ಸೇರುವ ಮುಂಚೆ ನೀನು ಈ ಯಂತ್ರವನ್ನು ಎರಡು ಭಾಗ ಮಾಡಿಟ್ಟು ಹೋದೆಯಲ್ಲ, ಅದರಲ್ಲಿ ಒಂದು ಭಾಗ ಕಾಣೆಯಾಗಿದೆ. ಕಳೆದ ಮಂಗಳವಾರದವರೆಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಪಟ್ಟಿ ಬರುತ್ತಿತ್ತು. ಮೇಲಿನ ಸಾಲು ನಿನ್ನ ಲಿನಕ್ಸ್, ಕೆಳಗಿನ ಸಾಲು ನನ್ನ ವಿಂಡೋಸ್. ಹತ್ತು ಸೆಕೆಂಡು ಕಾಯುತ್ತಿತ್ತು, ಯಾವುದು ಬೇಕೋ ಅದಕ್ಕೆ ಹೋಗುತ್ತಿದ್ದೆ. ಈಗ ಪಟ್ಟಿಯೂ ಇಲ್ಲ, ಕಾಯುವುದೂ ಇಲ್ಲ. ನೇರವಾಗಿ ವಿಂಡೋಸ್‌ಗೆ ನುಗ್ಗುತ್ತದೆ. ತಾನಾಗಿಯೇ ಹೀಗಾಯಿತು. ಯಾರೂ ಮುಟ್ಟಿಲ್ಲ.

ನನ್ನ ಹವಾಮಾನದ ದಾಖಲೆ ನಿನ್ನ ಭಾಗದಲ್ಲಿದೆ. ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಉಷ್ಣಮಾಪಕ ನೋಡಿ ಬರೆದದ್ದು. ನಿನ್ನಮ್ಮ ಓದಿ ಹೇಳುತ್ತಿದ್ದಳು, ನೀನು ಟೈಪ್ ಮಾಡುತ್ತಿದ್ದೆ, ಒಂದು ಚಳಿಗಾಲ ಪೂರ್ತಿ. ಆಮೇಲೆ ನೆಲಮಾಳಿಗೆಗೆ ನೀರು ನುಗ್ಗಿ ನೋಟ್‌ಬುಕ್ಕುಗಳು ಅಂಬಲಿಯಾದದ್ದು ನಿನಗೆ ಗೊತ್ತೇ ಇದೆ. ಬೇರೆ ಪ್ರತಿ ಇಲ್ಲ. ಪೇಟೆಯ ರಿಪೇರಿಯವನನ್ನು ಕೇಳಿದೆ. "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ತಾತ" ಎಂದ. ಪಕ್ಕದ ಮನೆಯ ಬೊಗೊಸಾವ್ ಕೂಡ ಅದನ್ನೇ ಹೇಳುತ್ತಾನೆ. ಮೂವತ್ತು ವರ್ಷ ರೈಲು ಎಂಜಿನ್ ಓಡಿಸಿದವನು ಕಂಪ್ಯೂಟರೂ ಗೊತ್ತಿರುವವನಂತೆ ಮಾತಾಡುತ್ತಾನೆ.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನು ಇರುವುದು ನಿಮ್ಮ ಮಠದ ಹಿರಿಯ ಅಮ್ಮನ ಕೋಣೆಯಲ್ಲಿ. ಅವರು ಎತ್ತಿದೊಡನೆ "ದೇವರು ಒಳ್ಳೇದು ಮಾಡ್ಲಿ" ಎನ್ನುತ್ತಾರೆ, ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯುವುದಿಲ್ಲ. ಅಲ್ಲದೆ ರೈಲ್ವೆಯಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಬರೆದು ಕಳಿಸು. ನಾನು ಅಕ್ಷರಶಃ ತಿರುಗಿ ಓದಿ, ಆಮೇಲೆ ಮಾಡುತ್ತೇನೆ.

ಜಿವೊರಾದ್ ಪೆಶಿಚ್
ನಿವೃತ್ತ ಸ್ಟೇಷನ್ ಮಾಸ್ತರ್


ತಿಹೊವಾತ್ಸ್ ಮಠ
28 ಆಗಸ್ಟ್

ಪ್ರೀತಿಯ ಅಪ್ಪಾ,

ನಾನು ಚೆನ್ನಾಗಿದ್ದೇನೆ. ಸಿಟ್ಟು ಮಾಡಿಕೋ, ಪರವಾಗಿಲ್ಲ. ಮೂರು ವರ್ಷಕ್ಕೆ ಮೊದಲ ಸಲ ನಿನ್ನ ಅಕ್ಷರ ನೋಡಿದೆ. ಲಕೋಟೆಯನ್ನು ರೊಟ್ಟಿ ಒಲೆಯ ಹತ್ತಿರವೇ ಒಡೆದೆ, ಓದುತ್ತ ನಿಂತವಳಿಗೆ ಚರ್ಚಿನ ಪೂಜೆಯ ರೊಟ್ಟಿ ಒಳಗಿರುವುದು ಮರೆತೇ ಹೋಯಿತು. ಹನ್ನೆರಡು ರೊಟ್ಟಿ ಇದ್ದಿಲಾದವು. ಹಿರಿಯ ಅಮ್ಮ ಫೆವ್ರೊನಿಯಾ ಒಂದನ್ನು ಎತ್ತಿಕೊಂಡು ತಿರುಗಿಸಿ ನೋಡಿ, "ಅಪ್ಪನ ಪತ್ರವಾ?" ಎಂದರು. ಹೌದೆಂದೆ. "ಹಂಗಾದ್ರೆ ಕ್ಷಮೆ ಇದೆ, ಹಿಟ್ಟು ನಾದು" ಎಂದರು.

ಈಗ ಯಂತ್ರದ ವಿಷಯ. ಅದು ತಾನಾಗಿಯೇ ಹೀಗಾಗುವುದಿಲ್ಲ ಅಪ್ಪ. ಬೊಗೊಸಾವ್ ಮಾವ ಏನು ಮಾಡಿದ? ನನ್ನ ಊಹೆ ಹೇಳಲೇ? ವಿಂಡೋಸ್ ನಿಧಾನವಾಯಿತು, ಅವನು ಇಸ್ಪೀಟಾಟದ ಮಧ್ಯೆ ತಾಳ್ಮೆಗೆಟ್ಟ, ಎಲ್ಲಿಂದಲೋ ಡಿಸ್ಕ್ ತಂದು ಅದನ್ನೇ ಮತ್ತೊಮ್ಮೆ ಹಾಕಿದ. ಹಾಗೆ ಹಾಕಿದಾಗ ಅದು ಬಾಗಿಲಲ್ಲಿ ತನ್ನ ಹೆಸರನ್ನು ಮಾತ್ರ ಬರೆದುಕೊಂಡು ಕೂರುತ್ತದೆ. ಒಳಗೆ ನನ್ನ ಭಾಗ ಹಾಗೆಯೇ ಇದೆ. ಮನೆ ಬಿದ್ದಿಲ್ಲ, ಬೋರ್ಡು ಕಿತ್ತುಹೋಗಿದೆ ಅಷ್ಟೆ. ನಿನ್ನ ಇಪ್ಪತ್ತಾರು ವರ್ಷವೂ ಒಳಗೇ ಇದೆ. ಆದರೆ ಯಾರಾದರೂ 'ಎಲ್ಲಾ ಅಳಿಸು' ಎಂದು ಒತ್ತಿದರೆ ಮಾತ್ರ ಹೋಗಿಬಿಡುತ್ತದೆ. ರಿಪೇರಿಯವನನ್ನೂ ಬೊಗೊಸಾವ್ ಮಾವನನ್ನೂ ಹತ್ತಿರ ಬಿಡಬೇಡ.

ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ, ನೀಲಿ ಪೆನ್‌ಡ್ರೈವ್ ಇದೆ. ಅದನ್ನು ಚುಚ್ಚಿ, ಯಂತ್ರವನ್ನು ಶುರುಮಾಡುವಾಗ ಮೇಲಿನ ಸಾಲಿನ ಹನ್ನೆರಡನೇ ಕೀಲಿಯನ್ನು ಒತ್ತುತ್ತಲೇ ಇರು. ಯಾವುದರಿಂದ ಶುರುಮಾಡಲಿ ಎಂದು ಕೇಳುತ್ತದೆ, ಪೆನ್‌ಡ್ರೈವ್ ಎನ್ನು. ಆಮೇಲೆ ಕಪ್ಪು ಕಿಟಕಿ ತೆರೆದು, ಜೊತೆಗಿಟ್ಟ ಹಾಳೆಯಲ್ಲಿರುವ ಐದು ಸಾಲುಗಳನ್ನು ಒಂದೊಂದಾಗಿ ಟೈಪ್ ಮಾಡು. ಅಕ್ಷರಗಳನ್ನು ಅಚ್ಚಿನಂತೆ ಬರೆದಿದ್ದೇನೆ. ಜಾಗ ಬಿಡಬೇಕಾದಲ್ಲೆಲ್ಲ ಸಣ್ಣ ತ್ರಿಕೋನ ಹಾಕಿದ್ದೇನೆ.

ಇನ್ನೊಂದು ವಿಷಯ, ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ನನ್ನ ಪರೀಕ್ಷೆಯ ಮೂರು ವರ್ಷ ಈ ಚಳಿಗಾಲಕ್ಕೆ ಮುಗಿಯುತ್ತದೆ. ದೀಕ್ಷೆ ಕೊಡುತ್ತಾರೆ. ದಿನ ಇನ್ನೂ ಗೊತ್ತಾಗಿಲ್ಲ. ಬರ್ತೀಯಾ ಅಪ್ಪ?

ನಿನ್ನ
ಯಾಸ್ನಾ


ಲಾಪೊವೊ
17 ಸೆಪ್ಟೆಂಬರ್
ಸಂದೇಶ ಸಂಖ್ಯೆ 2

ಯಾಸ್ನಾ,

ಮೊದಲು ಒಂದು ಆಕ್ಷೇಪಣೆ. ನಾನು ಸೆಪ್ಟೆಂಬರ್ ಎರಡರಂದು ಬರೆದ ಪತ್ರಕ್ಕೆ ನೀನು ಆಗಸ್ಟ್ ಇಪ್ಪತ್ತೆಂಟರಂದೇ ಉತ್ತರ ಬರೆದಿದ್ದೀಯ. ನಾನು ಅಂಚೆಯವಳ ಜೊತೆ ಜಗಳಕ್ಕೇ ನಿಂತಿದ್ದೆ. ಆಮೇಲೆ ಅವಳೇ ನೆನಪಿಸಿದಳು: "ಮಠದೋರ ಕ್ಯಾಲೆಂಡರ್ ಹದಿಮೂರು ದಿನ ಹಿಂದೆ ಓಡುತ್ತೆ ಯಜಮಾನ್ರೇ, ನಮ್ಮ ಕ್ರಿಸ್ಮಸ್ ಜನವರೀಲಿ ಬರಲ್ವಾ?" ಅದು ನನಗೂ ಗೊತ್ತು. ಹಬ್ಬಕ್ಕೆ ಹಳೆಯ ಲೆಕ್ಕ ಇರಲಿ, ಬೇಡವೆಂದವರು ಯಾರು? ಪತ್ರಕ್ಕೂ ಅದೇ ಯಾಕೆ? ನಲವತ್ತು ವರ್ಷ ನಿಮಿಷದ ಲೆಕ್ಕದಲ್ಲಿ ರೈಲು ಬಿಟ್ಟವನ ಮಗಳು ಹದಿಮೂರು ದಿನ ಹಿಂದೆ ಬದುಕುತ್ತಿದ್ದಾಳೆ. ಇರಲಿ. ಇನ್ನು ಮುಂದೆ ನಿನ್ನ ಪತ್ರ ಬಂದರೆ ಹದಿಮೂರು ಕೂಡಿಸಿ ಓದುತ್ತೇನೆ.

ನಿನ್ನ ಹಾಳೆಯನ್ನು ಎರಡು ಸಲ ತಿರುಗಿ ಓದಿದೆ, ಬೊಗೊಸಾವ್ ಸಾಕ್ಷಿ. ಡಿಸ್ಕ್ ತಂದದ್ದು ಅವನೇ ಎಂದು ಒಪ್ಪಿಕೊಂಡಿದ್ದಾನೆ. "ನಾನೇನ್ ಕಂಡೆ, ಅದರಲ್ಲಿ ಇನ್ನೊಬ್ರು ಬಾಡಿಗೆಗಿದ್ದಾರೆ ಅಂತ?" ಎಂದು ನನ್ನನ್ನೇ ಕೇಳುತ್ತಾನೆ. ಅಂದು ಅವನ ಮನೆಯಲ್ಲಿ ಚಳಿಗಾಲದ ಅಜ್ವಾರ್ ಚಟ್ನಿಗೆ ಮೆಣಸಿನಕಾಯಿ ಸುಡುತ್ತಿದ್ದರು, ಅವನ ಹೆಂಡತಿಯ ಕಣ್ಣು ತಪ್ಪಿಸಿಕೊಳ್ಳುವುದಕ್ಕೆ ಬಂದು ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತ.

ನಿನ್ನ ತ್ರಿಕೋನದ ವಿಷಯ. ಕೀಲಿಮಣೆಯಲ್ಲಿ ತ್ರಿಕೋನ ಎಲ್ಲಿದೆ ಎಂದು ಇಬ್ಬರೂ ಮಧ್ಯಾಹ್ನದವರೆಗೆ ಹುಡುಕಿದೆವು. ಬೊಗೊಸಾವ್ ಭೂತಗನ್ನಡಿ ತಂದ. ಕೊನೆಗೆ ನಿನ್ನ ಪತ್ರವನ್ನೇ ಮತ್ತೆ ಓದಿದಾಗ, ತ್ರಿಕೋನವೆಂದರೆ ಏನೂ ಇಲ್ಲ ಎಂದು ಗೊತ್ತಾಯಿತು. ಏನೂ ಇಲ್ಲದ್ದಕ್ಕೆ ಗುರುತು ಹಾಕುವುದನ್ನು ನಿಮ್ಮ ಮಠದಲ್ಲಿ ಕಲಿಸಿದರೋ ಹೇಗೆ.

ಫಲಿತಾಂಶ: ಐದು ಸಾಲೂ ಹೋದವು. ಯಂತ್ರವನ್ನು ಮತ್ತೆ ಶುರುಮಾಡಿದೆ. ನಿನ್ನ ಭಾಗ ಬಂತು. ದಾಖಲೆ ತೆರೆದೆ. ಎಲ್ಲವೂ ಇದೆ ಯಾಸ್ನಾ. 1997ರ ಮೊದಲ ದಿನದಿಂದ ಎಲ್ಲವೂ ಇದೆ. ನಾನು ಸ್ವಲ್ಪ ಹೊತ್ತು ಏನೂ ಮಾಡದೆ ಕೂತಿದ್ದೆ.

ಆದರೆ ಈಗ ನನ್ನ ಭಾಗ ಕಾಣೆ. ಪಟ್ಟಿಯೇ ಬರುವುದಿಲ್ಲ, ಸೀದಾ ನಿನ್ನದಕ್ಕೆ ಹೋಗುತ್ತದೆ. ವಿಂಡೋಸ್ ಇಲ್ಲ, ಇಸ್ಪೀಟೂ ಇಲ್ಲ. ಬೊಗೊಸಾವ್ ಹೇಳುತ್ತಾನೆ, "ನಿನ್ನ ಮಗಳು ಕೈ ಹಾಕಿದ್ಲು ನೋಡು, ಮಿಷನ್ನೂ ಸನ್ಯಾಸ ತಗೊಳ್ತು."

ಇದನ್ನು ಸರಿಪಡಿಸು. ಬೇರೆ ಪ್ರಶ್ನೆಗೆ ಉತ್ತರವನ್ನು ಯೋಚಿಸಿ ಬರೆಯುತ್ತೇನೆ.

ಜಿವೊರಾದ್ ಪೆಶಿಚ್


ತಿಹೊವಾತ್ಸ್
11 ಸೆಪ್ಟೆಂಬರ್ (ಕೂಡಿಸಿಕೋ)

ಅಪ್ಪಾ,

ಯಂತ್ರ ಸನ್ಯಾಸ ತೆಗೆದುಕೊಂಡದ್ದನ್ನು ಊಟದ ಹೊತ್ತಿನಲ್ಲಿ ಹಿರಿಯ ಅಮ್ಮನಿಗೆ ಹೇಳಿಬಿಟ್ಟೆ. ನಮ್ಮಲ್ಲಿ ಊಟದ ಹೊತ್ತಿಗೆ ಮಾತಾಡುವಂತಿಲ್ಲ. ಅವರು ಹುರುಳಿ ಸಾರು ನೆತ್ತಿಗೇರಿಸಿಕೊಂಡು ಕೆಮ್ಮಿದರು, ಆಮೇಲೆ ನನಗೆ ಶಿಕ್ಷೆ ಕೊಟ್ಟರು: ಮೂರು ದಿನ ಪಾತ್ರೆ. ಶಿಕ್ಷೆ ಕೊಡುವಾಗಲೂ ಅವರ ಭುಜ ಕುಲುಕುತ್ತಿತ್ತು. ಬೊಗೊಸಾವ್ ಮಾವನಿಗೆ ನಮಸ್ಕಾರ ಹೇಳು.

ನಿನ್ನ ವಿಂಡೋಸ್ ಎಲ್ಲಿಗೂ ಹೋಗಿಲ್ಲ. ಲಿನಕ್ಸ್‌ನ ಹೊಸ ಆವೃತ್ತಿಗಳಲ್ಲಿ ಪಟ್ಟಿ ಬರೆಯುವವನು ಸ್ವಲ್ಪ ಬಿಗುಮಾನದವನು. 'ಪಕ್ಕದಲ್ಲಿ ಬೇರೆ ಯಾರಾದರೂ ಇದ್ದಾರಾ ನೋಡು' ಎಂದು ನಾವಾಗಿ ಹೇಳದಿದ್ದರೆ ತಲೆಯೆತ್ತಿ ನೋಡುವುದಿಲ್ಲ. ಅದನ್ನು ಹೇಳುವ ಸಾಲು ಒಂದು ಕಡತದಲ್ಲಿದೆ. ಆ ಸಾಲಿನ ಮುಂದಿರುವ ಚೌಕದ ಗುರುತನ್ನು ಅಳಿಸಬೇಕು, ಆಮೇಲೆ ಪಟ್ಟಿಯನ್ನು ಹೊಸದಾಗಿ ಬರೆಸಬೇಕು. ಎರಡೂ ಕೆಲಸ ಹಾಳೆಯಲ್ಲಿದೆ. ಈ ಸಲ ತ್ರಿಕೋನ ಹಾಕಿಲ್ಲ, ಒಂದು ಬೆರಳಗಲ ಜಾಗ ಬಿಟ್ಟಿದ್ದೇನೆ.

ಮತ್ತೆ ಅಪ್ಪ, ದಾಖಲೆಯನ್ನು ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿ ಬೊಗೊಸಾವ್ ಮಾವನ ಮನೆಯಲ್ಲಿಡು. ಅವನ ಮನೆ ಎತ್ತರದಲ್ಲಿದೆ.

ನೀನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ಎಂದು ಬರೆದಿದ್ದೀಯ. ಆ ಸಾಲನ್ನು ನಾನೂ ಸುಮಾರು ಸಲ ಓದಿದೆ. 2009ರ ಜನವರಿಯ ಅಂಕಿಗಳಲ್ಲಿ ಮೈನಸ್ ಹದಿನೆಂಟನ್ನು ಅಮ್ಮ ಪ್ಲಸ್ ಹದಿನೆಂಟು ಎಂದು ಓದಿದ್ದಳು, ನಾನು ಹಾಗೆಯೇ ಹಾಕಿದ್ದೆ. ನೀನು ಎರಡು ದಿನ ಮಾತು ಬಿಟ್ಟಿದ್ದೆ. ಆಗಲೂ ಅಡುಗೆಮನೆಯಲ್ಲಿ ನಾವಿಬ್ಬರೂ ನಗುತ್ತಿದ್ದೆವು, ನಿನಗೆ ಗೊತ್ತಾಗದ ಹಾಗೆ.

ಯೋಚಿಸು ಅಪ್ಪ, ಆದರೆ ತುಂಬ ಯೋಚಿಸಬೇಡ.

ಯಾಸ್ನಾ


ಲಾಪೊವೊ
8 ಅಕ್ಟೋಬರ್
ಸಂದೇಶ ಸಂಖ್ಯೆ 3

ಯಾಸ್ನಾ,

ಪಟ್ಟಿ ಬಂದಿದೆ. ಎರಡೂ ಸಾಲಿವೆ, ಹತ್ತು ಸೆಕೆಂಡು ಕಾಯುತ್ತದೆ. ಗಡಿಯಾರ ಹಿಡಿದು ನೋಡಿದೆ, ಹತ್ತೇ. ಬೊಗೊಸಾವ್ ಇಸ್ಪೀಟಿಗೆ ಮರಳಿದ್ದಾನೆ, ಅವನ ಹೆಂಡತಿ ನನ್ನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದಾಳೆ.

ಆದರೆ ಹೊಸ ತೊಂದರೆಯೊಂದು ಹುಟ್ಟಿದೆ, ಇದು ಮೊದಲಿನದಕ್ಕಿಂತ ಕೆಟ್ಟದ್ದು. ನಿನ್ನ ಭಾಗದಿಂದ ನನ್ನ ಭಾಗಕ್ಕೆ ಬಂದರೆ ಗಡಿಯಾರ ಎರಡು ಗಂಟೆ ಹಿಂದೆ ಇರುತ್ತದೆ. ಸರಿಮಾಡಿ ನಿನ್ನ ಭಾಗಕ್ಕೆ ಹೋದರೆ ಅಲ್ಲಿ ಎರಡು ಗಂಟೆ ಮುಂದೆ. ಒಂದೇ ಪೆಟ್ಟಿಗೆಯೊಳಗೆ ಎರಡು ಹೊತ್ತು. ಹೋದ ಬುಧವಾರ ಈ ಗಡಿಯಾರವನ್ನು ನಂಬಿ ಉಷ್ಣಮಾಪಕ ನೋಡಲು ಒಂಬತ್ತು ಗಂಟೆಗೆ ಹೋದೆ. ಇಪ್ಪತ್ತಾರು ವರ್ಷದಲ್ಲಿ ಇಂಥದ್ದು ಆಗಿಲ್ಲ. ಬೊಗೊಸಾವ್ ಅಂಗಳದಿಂದ, "ಏನ್ ಮಾಸ್ತರೇ, ನಿಮ್ಮ ಏಳು ಗಂಟೆ ಇವತ್ತು ಲೇಟಾಗಿ ಬಂತಾ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. ಆ ದಿನದ ಅಂಕಿಯ ಪಕ್ಕದಲ್ಲಿ ಕಾರಣವನ್ನು ಬರೆದಿದ್ದೇನೆ, ನಿನ್ನ ಹೆಸರು ಹಾಕಿ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಯೋಚಿಸಿದ್ದೇನೆ. ಬರುವುದಿಲ್ಲ. ನೀನು ಹೊರಟ ದಿನವೇ ನಾನು ಬಾಗಿಲಲ್ಲಿ ನಿಂತು ಹೇಳಿದ್ದೆ, ಅಲ್ಲಿಗೆ ಕಾಲಿಡುವುದಿಲ್ಲ ಎಂದು. ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವಳು, ನಗುನಗುತ್ತ ಇದ್ದವಳು, ಅಮ್ಮ ಹೋದ ಮೇಲೆ ಮಾತು ಕಡಿಮೆ ಮಾಡಿದೆ. ಎರಡು ವರ್ಷ ಕಳೆದು ಒಂದು ದಿನ ಹೊರಟುಬಿಟ್ಟೆ. ದುಃಖಕ್ಕೆ ಹೋದವರು ದುಃಖ ಮುಗಿದ ಮೇಲೆ ಬರುತ್ತಾರೆ ಎಂದುಕೊಂಡಿದ್ದೆ. ಮೂರು ವರ್ಷ ನಿನ್ನ ಕೋಣೆಯನ್ನು ವಾರಕ್ಕೊಮ್ಮೆ ಗುಡಿಸಿದ್ದೇನೆ. ನೀನು ದೀಕ್ಷೆ ತೆಗೆದುಕೊಂಡರೆ ಆ ಕೋಣೆ ಏನಾಗಬೇಕು ಎಂದು ನೀನೇ ಹೇಳು.

ಗಡಿಯಾರ ಸರಿಮಾಡು.

ಜಿವೊರಾದ್ ಪೆಶಿಚ್


ತಿಹೊವಾತ್ಸ್
6 ಅಕ್ಟೋಬರ್

ಅಪ್ಪಾ,

ಗಡಿಯಾರದ್ದು ಸುಲಭ. ಯಂತ್ರದ ಹೊಟ್ಟೆಯಲ್ಲಿ ಒಂದೇ ಗಡಿಯಾರವಿದೆ. ನನ್ನ ಭಾಗ ಅದನ್ನು ಲಂಡನ್ನಿನ ಚಳಿಗಾಲದ ಗಂಟೆ ಎಂದುಕೊಂಡು ನಮ್ಮೂರಿನದನ್ನು ಲೆಕ್ಕ ಹಾಕುತ್ತದೆ. ನಿನ್ನ ಭಾಗ ಅದನ್ನು ನಮ್ಮೂರಿನ ಗಂಟೆ ಎಂದೇ ನಂಬುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ಸರಿಯಾಗಿಯೇ ಲೆಕ್ಕ ಹಾಕುತ್ತಾರೆ, ಒಬ್ಬರನ್ನೊಬ್ಬರು ಕೇಳುವುದಿಲ್ಲ ಅಷ್ಟೆ. ನನ್ನ ಭಾಗಕ್ಕೇ ಸೋಲಲು ಹೇಳೋಣ. ಒಂದೇ ಸಾಲು, ಹಾಳೆಯಲ್ಲಿದೆ. ಅದರ ಕೆಳಗೆ ಇನ್ನೊಂದು ಸಾಲೂ ಬರೆದಿದ್ದೇನೆ, ಪಟ್ಟಿಯಲ್ಲಿ ನಿನ್ನ ವಿಂಡೋಸ್ ಮೇಲೆ ಬರುವಂತೆ ಮಾಡುವುದಕ್ಕೆ. ಸುಮ್ಮನೆ ಪ್ರತಿ ಸಲ ಕೆಳಗಿಳಿಯುವ ತೊಂದರೆ ನಿನಗೆ ಯಾಕೆ?

ಕೋಣೆಯ ವಿಷಯ ಓದಿ ಅತ್ತೆ. ಸುಳ್ಳು ಹೇಳುವುದಿಲ್ಲ. ಆದರೆ ಅಪ್ಪ, ನಾನು ದುಃಖಕ್ಕೆ ಇಲ್ಲಿಗೆ ಬಂದಿದ್ದರೂ ದುಃಖಕ್ಕೆ ಇಲ್ಲಿ ಉಳಿದಿಲ್ಲ. ಇದನ್ನು ಕಾಗದದಲ್ಲಿ ನಂಬಿಸುವುದು ಹೇಗೆಂದು ನನಗೆ ತಿಳಿಯದು. ಆ ಕೋಣೆಗೆ ಹೊಲಿಗೆ ಯಂತ್ರವನ್ನೂ ಉಷ್ಣಮಾಪಕದ ಕಾಗದಗಳನ್ನೂ ಹಾಕು. ಅಲ್ಲಿ ಬೆಳಕು ಚೆನ್ನಾಗಿದೆ.

ಬಿಷಪ್ಪರು ದಿನ ಕೊಟ್ಟಿದ್ದಾರೆ. ಡಿಸೆಂಬರ್ 3, ಬೆಳಿಗ್ಗೆ ಒಂಬತ್ತಕ್ಕೆ. ನೀನು ಬರುವುದಿಲ್ಲ ಎಂದಿದ್ದೀಯ. ಆದರೂ ದಿನ ಹೇಳುವುದು ನನ್ನ ಕೆಲಸ.

ಯಾಸ್ನಾ


ಲಾಪೊವೊ
3 ನವೆಂಬರ್
ಸಂದೇಶ ಸಂಖ್ಯೆ 4

ಯಾಸ್ನಾ,

ನಿನ್ನ ಪತ್ರ ಬಂದು ಸುಮಾರು ದಿನವಾಯಿತು. ಬೆನ್ನು ಹಿಡಿದುಕೊಂಡಿತ್ತು, ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅಷ್ಟರಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಮರುದಿನ ನೋಡಿದರೆ ನಮ್ಮ ಯಂತ್ರದ ಎರಡು ಗಂಟೆಯ ತಪ್ಪು ಒಂದು ಗಂಟೆಯದಾಗಿತ್ತು. ಬೊಗೊಸಾವ್, "ಇನ್ನೊಂದ್ಸಲ ತಿರುಗಿಸ್ಲಿ ಬಿಡು, ಪೂರ್ತಿ ವಾಸಿಯಾಗುತ್ತೆ" ಎಂದ. ನಾನು ಕಾಯಲಿಲ್ಲ, ನಿನ್ನ ಸಾಲನ್ನು ಹಾಕಿದೆ. ಈಗ ಎರಡು ಭಾಗದಲ್ಲೂ ಒಂದೇ ಹೊತ್ತು. ಮೂರು ದಿನ ಪರೀಕ್ಷೆ ಮಾಡಿದೆ.

ಎರಡನೇ ಸಾಲನ್ನು ಹಾಕಲಿಲ್ಲ. ನಿನ್ನದೇ ಮೇಲಿರಲಿ. ಕೆಳಗಿಳಿಯುವುದಕ್ಕೆ ಒಂದು ಕೀಲಿ ಒತ್ತಿದರೆ ನನ್ನ ಬೆರಳು ಸವೆದುಹೋಗುವುದಿಲ್ಲ.

ಡಿಸೆಂಬರ್ ವಿಷಯದಲ್ಲಿ ನನ್ನ ಉತ್ತರ ಹಿಂದಿನದೇ.

ಚುಪ್ರಿಯಾದಿಂದ ನಿಮ್ಮ ಕಡೆಗೆ ಬೆಳಗಿನ ಬಸ್ಸು ಇನ್ನೂ ಓಡುತ್ತದೆಯೇ? ಬೊಗೊಸಾವ್ ಕೇಳುತ್ತಿದ್ದಾನೆ.

ಜಿವೊರಾದ್ ಪೆಶಿಚ್


ತಿಹೊವಾತ್ಸ್
29 ಅಕ್ಟೋಬರ್

ಅಪ್ಪಾ,

ಬೊಗೊಸಾವ್ ಮಾವನಿಗೆ ತಿಳಿಸು: ಬಸ್ಸು ಆರೂ ಹತ್ತಕ್ಕೆ, ಭಾನುವಾರವೂ ಇದೆ. ಸೇತುವೆಯ ಹತ್ತಿರ ಇಳಿದು ಎರಡು ಕಿಲೋಮೀಟರು ಏರು ಹತ್ತಬೇಕು. ನಿಧಾನವಾಗಿ ಹತ್ತಲಿ. ದಾರಿಯಲ್ಲಿ ಎರಡು ಕಡೆ ಬೆಂಚಿದೆ. ಅವನ ಬೆನ್ನು ಹೇಗಿದೆ ಎಂದು ಕೇಳಿದೆನೆಂದು ಹೇಳು.

ಯಾಸ್ನಾ


ತಿಹೊವಾತ್ಸ್
1 ಡಿಸೆಂಬರ್

ಪ್ರೀತಿಯ ಅಪ್ಪಾ,

ಬರೆಯುವುದು ತಡವಾಯಿತು. ದೀಕ್ಷೆಯಾದವರು ಮೊದಲ ಕೆಲವು ದಿನ ಚರ್ಚಿನೊಳಗೇ ಇರಬೇಕು, ಹಗಲೂ ರಾತ್ರಿ. ಆಮೇಲೆ ಹೊರಗೆ ಬಂದವಳಿಗೆ ಅಡುಗೆಮನೆಯ ಕೆಲಸ ಗುಡ್ಡದಷ್ಟು ಬಾಕಿ ಇತ್ತು.

ಎಲ್ಲವೂ ಚೆನ್ನಾಗಿ ನಡೆಯಿತು. ಬಿಷಪ್ಪರ ಕನ್ನಡಕ ಮೇಣದ ಬತ್ತಿಗಳ ಬಿಸಿಗೆ ಮಂಜಾಗಿ, ಅವರು ನನ್ನ ಕೂದಲು ಕತ್ತರಿಸುವ ಕತ್ತರಿಗಾಗಿ ತಡಕಾಡಿದರು. ಕತ್ತರಿಯನ್ನು ಮೂರು ಸಲ ಕೆಳಗೆ ಹಾಕುತ್ತಾರೆ, ನಾವು ಮೂರು ಸಲ ಎತ್ತಿ ಅವರ ಕೈಗೆ ಕೊಡಬೇಕು. ಯಾರ ಬಲವಂತವೂ ಇಲ್ಲ, ಇಷ್ಟಪಟ್ಟೇ ಬಂದಿದ್ದೇನೆ ಎಂಬುದಕ್ಕೆ. ಎರಡನೆಯ ಸಲ ಎತ್ತುವಾಗ ಬಾಗಿಲ ಕಡೆ ನೋಡಿದೆ. ಮೂರನೆಯ ಸಲವೂ ನೋಡಿದೆ. ಹಾಗೆ ನೋಡಬಾರದು, ಆದರೂ ನೋಡಿದೆ.

ನೀನು ಬರುವುದಿಲ್ಲ ಎಂದೇ ಬರೆದಿದ್ದೆ. ನಾನು ನಂಬಿರಲಿಲ್ಲ ಅಷ್ಟೆ. ಬಸ್ಸಿನ ಹೊತ್ತು ಕೇಳಿದೆಯಲ್ಲ, ಅದರ ಮೇಲೆ ಏನೇನೋ ಕಟ್ಟಿಕೊಂಡಿದ್ದೆ. ನಿನಗೆ ಗೊಂದಲವಾಗಬಾರದೆಂದು ದಿನವನ್ನು ನಿನ್ನ ಕ್ಯಾಲೆಂಡರಿನ ಪ್ರಕಾರವೇ ಬರೆದಿದ್ದೆ, ಹದಿಮೂರು ಕೂಡಿಸುವ ಕೆಲಸವೂ ಇರಲಿಲ್ಲ. ಇರಲಿ ಅಪ್ಪ. ನನಗೆ ಸಿಟ್ಟಿಲ್ಲ. ಬೇಜಾರಿದೆ, ಅದೂ ಹೋಗುತ್ತದೆ.

ಈಗ ನನ್ನ ಹೆಸರು ಮಕ್ರಿನಾ. ನಿನಗೆ ಬರೆಯುವಾಗ ಯಾವುದನ್ನು ಬರೆಯಲಿ ಎಂದು ಹಿರಿಯ ಅಮ್ಮನನ್ನು ಕೇಳಿದೆ. "ಯಾವ್ದು ಬರೆದ್ರೂ ಅವ್ರಿಗೆ ಮಗಳೇ ತಾನೇ" ಎಂದರು.

ನಿನ್ನ ಮಗಳು


ಲಾಪೊವೊ
20 ಡಿಸೆಂಬರ್

ಯಾಸ್ನಾ,

ಲಕೋಟೆಯ ಮೇಲೆ ಹೊಸ ಹೆಸರು ಬರೆದಿದ್ದೇನೆ, ಇಲ್ಲದಿದ್ದರೆ ಪತ್ರ ತಲುಪುವುದಿಲ್ಲ. ಒಳಗೆ ನನಗೆ ಅಭ್ಯಾಸವಾದದ್ದನ್ನೇ ಬರೆಯುತ್ತೇನೆ.

ನೀನು ಮೊನ್ನೆ ಬಸ್ಸು ಹತ್ತಿಸುವಾಗ, ಮನೆಗೆ ಬಂದಿರುವ ನಿನ್ನ ಪತ್ರವನ್ನು ಒಡೆಯದೆ ಒಲೆಗೆ ಹಾಕು ಎಂದೆಯಲ್ಲ. ಬಾಗಿಲ ಕೆಳಗೆ ಬಿದ್ದಿತ್ತು. ಒಡೆದೆ, ಎರಡು ಸಲ ಓದಿದೆ. ನೀನು ಬಾಗಿಲ ಕಡೆ ನೋಡಿದ್ದನ್ನು ಓದಿದ ಮೇಲೆ, ಮೂರು ದಿನ ನಿಮ್ಮ ಅತಿಥಿಗೃಹದಲ್ಲಿ ಉಂಡು ಮಲಗಿಯೂ ಹೇಳದೆ ಉಳಿಸಿಕೊಂಡದ್ದನ್ನು ಹೇಳಲೇಬೇಕು ಎನ್ನಿಸಿತು.

ಹದಿಮೂರು ಕೂಡಿಸಿದ್ದು ನಾನೇ. ನಿನ್ನ ಪತ್ರದ ಮೇಲೆ ಮಠದ ತಾರೀಖಿತ್ತು, ಒಳಗಿನದೂ ಅದೇ ಲೆಕ್ಕವೆಂದುಕೊಂಡೆ. ಮೂರಕ್ಕೆ ಹದಿಮೂರು, ಹದಿನಾರು. ನಿನ್ನ ಲೆಕ್ಕಕ್ಕೆ ನಾನು ಇಳಿದೆ, ನೀನು ನನ್ನ ಲೆಕ್ಕಕ್ಕೆ ಇಳಿದೆ. ಇಷ್ಟು ನಿನಗೆ ಅಲ್ಲೇ ಹೇಳಿದ್ದೇನೆ, ನೀನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಹೇಳದೆ ಬಿಟ್ಟದ್ದು ಬೇರೆ.

ನಾನು ಆಶೀರ್ವಾದ ಮಾಡಲು ಬಂದಿರಲಿಲ್ಲ. ಮದುವೆಯ ಸೂಟು ಹಾಕಿಕೊಂಡು ಬಂದಿದ್ದೆ, ಅದರ ಒಳಜೇಬಿನಲ್ಲಿ ಎರಡು ಹಾಳೆ ಇತ್ತು. ನಾಲ್ಕು ವಾರ ಕೂತು ಬರೆದದ್ದು, ಬೊಗೊಸಾವ್‌ಗೂ ತೋರಿಸಿರಲಿಲ್ಲ. ಬಿಷಪ್ಪರು ಕತ್ತರಿ ಹಿಡಿದಾಗ ಎದ್ದು ನಿಂತು ಎಲ್ಲರ ಎದುರು ಓದಬೇಕೆಂದಿದ್ದೆ. ಇವಳು ದುಃಖದಲ್ಲಿ ಇಲ್ಲಿಗೆ ಬಂದವಳು, ಇವಳ ಅಪ್ಪ ಇನ್ನೂ ಬದುಕಿದ್ದಾನೆ, ಇವಳನ್ನು ಮನೆಗೆ ಕಳಿಸಿಕೊಡಿ ಎಂದು. ಅಲ್ಲಿ ಯಾರಾದರೂ ಹಾಗೆ ಮಧ್ಯೆ ಬಾಯಿ ಹಾಕಬಹುದೇ, ನಿಯಮ ಏನು, ನನಗೆ ತಿಳಿಯದು. ನಾನಂತೂ ಓದುತ್ತಿದ್ದೆ. ನನ್ನನ್ನು ನೀನು ಬಲ್ಲೆ.

ಗೇಟಿನ ಹತ್ತಿರ ವಯಸ್ಸಾದ ಸನ್ಯಾಸಿನಿಯೊಬ್ಬರು ಗೊಬ್ಬರದ ಗಾಡಿ ತಳ್ಳಿಕೊಂಡು ಬರುತ್ತಿದ್ದರು.

"ದೀಕ್ಷೆ ಎಲ್ಲಿ ನಡೀತಿದೆ ಅಮ್ಮಾ?" ಎಂದೆ.

"ಯಾರ ದೀಕ್ಷೆ?"

"ಯಾಸ್ನಾ ಪೆಶಿಚ್ ಅಂತ."

"ಅದಾಗಿ ಹದಿಮೂರು ದಿನ ಆಯ್ತಲ್ಲಪ್ಪ. ಬಿಷಪ್ಪರು ಬಂದ್ರು, ಊಟ ಮಾಡಿದ್ರು, ಹೋದ್ರು. ನೀವ್ ಎಲ್ಲಿಂದ?"

"ಲಾಪೊವೊದಿಂದ."

ಅವರು ನನ್ನ ಸೂಟು ನೋಡಿದರು, ಬೂಟಿನ ಕೆಸರು ನೋಡಿದರು. "ಅಷ್ಟು ದೂರ ಇದ್ಯಾ ಲಾಪೊವೊ?" ಎಂದರು. ಹೌದೆಂದೆ.

ಅವರು ಹೋದ ಮೇಲೆ ಸೌದೆ ರಾಶಿಯ ಹಿಂದೆ ಒಂದು ದಿಮ್ಮಿಯ ಮೇಲೆ ಕೂತೆ. ಎಲ್ಲಾ ಮುಗಿದುಹೋಯಿತು, ಹಾಗೆಯೇ ಹಿಂದಿರುಗುವ ಬಸ್ಸಿಗೆ ಹೋಗಿಬಿಡೋಣ ಎಂದು ಎದ್ದೆ. ಆಗ ಕೊಟ್ಟಿಗೆಯ ಕಡೆಯಿಂದ ನಗು ಕೇಳಿತು.

ನೀನು ಕಪ್ಪು ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಪೊರಕೆ ಹಿಡಿದು ಒಂದು ಕೋಳಿಯ ಹಿಂದೆ ಓಡುತ್ತಿದ್ದೆ. ಇನ್ನೊಬ್ಬ ಹುಡುಗಿ ಆ ಕಡೆಯಿಂದ ಅಡ್ಡ ಬರುತ್ತಿದ್ದಳು. ಕೋಳಿ ಇಬ್ಬರನ್ನೂ ತಪ್ಪಿಸಿಕೊಂಡಿತು, ನೀನು ಕೆಸರಲ್ಲಿ ಜಾರಿ ಕುಳಿತೆ. ಕುಳಿತಲ್ಲೇ ನಗುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು, ಬಾಯಿ ಪೂರ್ತಿ ತೆರೆದು. ನಿನ್ನಮ್ಮ ಹೋದ ಮೇಲೆ ನಾನು ಆ ನಗು ಕೇಳಿರಲಿಲ್ಲ. ಆ ಹೊತ್ತಿಗೆ ಅಲ್ಲಿ ಅತಿಥಿಗಳಿರಲಿಲ್ಲ, ಬಿಷಪ್ಪರಿರಲಿಲ್ಲ. ಯಾರಿಗೂ ತೋರಿಸಲು ನೀನು ನಗುತ್ತಿರಲಿಲ್ಲ. ದೀಕ್ಷೆಯ ದಿನವೇ ಬಂದಿದ್ದರೆ, ನೀನು ಎಷ್ಟು ನಕ್ಕರೂ ಅದು ಬಂದವರಿಗಾಗಿ ಎಂದೇ ನಾನು ನಂಬುತ್ತಿದ್ದೆ.

ಕಾಲು ಗಂಟೆ ಅಲ್ಲೇ ನಿಂತಿದ್ದೆ. ಎರಡು ಹಾಳೆಗಳನ್ನೂ ತೆಗೆದು ಚಿಕ್ಕದಾಗಿ ಹರಿದು ದಿಮ್ಮಿಗಳ ಸಂದಿಯಲ್ಲಿ ತುರುಕಿದೆ. ನಿಮ್ಮ ಒಲೆಗೆ ಹೋಗಿರುತ್ತದೆ.

ಇನ್ನೆರಡು ವಿಷಯ. ಹದಿನಾರರಿಂದ ಹದಿನೆಂಟರವರೆಗಿನ ಉಷ್ಣಾಂಶ ನೋಡಲು ಬೊಗೊಸಾವ್‌ಗೆ ಹೇಳಿದ್ದೆ. ಮೂರು ದಿನವೂ ಅಂಕಿಯ ಜಾಗದಲ್ಲಿ 'ಚಳಿ' ಎಂದು ಬರೆದಿದ್ದಾನೆ. ಹಾಗೆಯೇ ಬಿಟ್ಟಿದ್ದೇನೆ. ಎರಡನೆಯದು, ನಿಮ್ಮ ಹಿರಿಯ ಅಮ್ಮನ ಕಂಪ್ಯೂಟರಿನ ಪಟ್ಟಿಯಲ್ಲಿ ಆರು ಸಾಲು ಬರುತ್ತವೆ, ಅದರಲ್ಲಿ ನಾಲ್ಕು ಸತ್ತವು. ದಾನ ಕೊಟ್ಟವರು ಏನೇನು ತುಂಬಿ ಕೊಟ್ಟರೋ. ಮುಂದಿನ ವಾರ ಗುರುವಾರ ನೀಲಿ ಪೆನ್‌ಡ್ರೈವ್ ತರುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. "ದೇವರು ಒಳ್ಳೇದು ಮಾಡ್ಲಿ" ಎಂದರು. "ನಿಮಗೂ ಮಾಡ್ಲಿ" ಎಂದೆ. ಅಷ್ಟೇ ಸಾಕಿತ್ತಂತೆ.

ಅಲ್ಲಿ ನೀನು ನನ್ನನ್ನು ಒಂದು ಮಾತು ಕೇಳಿದೆ, ನಾನು ಉತ್ತರ ಕೊಡಲಿಲ್ಲ. ಮೂರು ವರ್ಷಕ್ಕೆ ಮೊದಲ ಸಲ ಎದುರಿಗೆ ಬಂದು ನಿಂತವನು ಮಗಳಿಗೆ ಬೇರೆ ಏನೂ ಹೇಳದೆ ಆ ಮಾತು ಯಾಕೆ ಹೇಳಿದೆ ಎಂದು. ನೀನು ಅಳುತ್ತಿದ್ದರೆ ಏನು ಹೇಳಬೇಕೆಂದು ಮೂರು ವರ್ಷದಿಂದ ಸಿದ್ಧಮಾಡಿಕೊಂಡಿದ್ದೆ ಮಗಳೇ. ನಗುತ್ತಿದ್ದರೆ ಏನು ಹೇಳಬೇಕೆಂದು ಯೋಚಿಸಿರಲೇ ಇಲ್ಲ. ಅದಕ್ಕೇ "ಕೋಳಿ ಆ ಕಡೆ ಹೋಯ್ತು" ಎಂದೆ.

ಅಪ್ಪ